ಏಳನೇ ಕಾಲಂನಲ್ಲಿ ಇಪ್ಪತ್ತೆರಡು ಜನ

ಮಾರ್ಚ್ ೩, ಮಂಗಳವಾರ

ಪ್ರೀತಿಯ ಅಪ್ಪ,

ನಿನ್ನ ಕುರ್ಚಿ ನನ್ನ ಮೇಲೆ ಸೇಡು ತೀರಿಸಿಕೊಳ್ಳುತ್ತಿದೆ. ಎಡಕ್ಕೆ ವಾಲಿದರೆ ಕಿರ್ರೆನ್ನುತ್ತದೆ, ಬಲಕ್ಕೆ ವಾಲಿದರೆ ಚಿವುಟುತ್ತದೆ. ಮೂವತ್ತು ವರ್ಷ ಬಂದರು ಕಚೇರಿಯಲ್ಲಿ ನೀನು ಅಲುಗಾಡದೆ ಕೂತಿದ್ದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಕೆಳಗಿನ ಡ್ರಾಯರಿನಲ್ಲಿ ನಿನ್ನ ಒಂಟಿ ಕಾಲಿನ ಕನ್ನಡಕ ಮತ್ತು ಬಾಚಣಿಗೆ ಸಿಕ್ಕವು. ಬಾಚಣಿಗೆಯಲ್ಲಿ ಇನ್ನೂ ನಾಲ್ಕು ಕೂದಲಿವೆ. ಇಟ್ಟಿದ್ದೇನೆ, ನಿನಗೆ ಬೇಕಾಗಬಹುದು.

ನಿನ್ನೆ ಬೆಳಿಗ್ಗೆ ಒಂದು ದೋಣಿ ಬಂತು. ಆಚೆ ದಡದಿಂದ ಹೊರಟು ನಾಲ್ಕು ದಿನವಾಗಿತ್ತಂತೆ. ಅಲೆತಡೆ ಗೋಡೆಯ ಒಳಗೆ ಬಂದ ಮೇಲೆ ಇಂಜಿನ್ ಕೆಟ್ಟು ನಿಂತಿತು. ಇಪ್ಪತ್ತಮೂರು ಜನ. ಎಲ್ಲರನ್ನೂ ಪ್ರಯಾಣಿಕರು ಕಾಯುವ ಹಳೆಯ ಹಾಲ್‌ನಲ್ಲಿ ಕೂರಿಸಿದ್ದಾರೆ. ನಮ್ಮ ಗಡಿಯಾರ ಸಾಹೇಬರು ಎಂದಿನಂತೆ ಕೈಗಡಿಯಾರ ನೋಡಿಕೊಂಡು, ಆಗಮನದ ರಿಜಿಸ್ಟರು ಊಟದ ಹೊತ್ತಿನೊಳಗೆ ತುಂಬಿಸಬೇಕು ಎಂದರು. ಅಪರಿಚಿತರ ಎದುರು ನನ್ನ ಬಾಯಿಂದ ಗಾಳಿಯೇ ಹೊರಡುವುದಿಲ್ಲ, ಮಾತೆಲ್ಲಿ.

ಆದರೆ ನೀನು ಕಲಿಸಿದ ಉಪಾಯ ಕಾಪಾಡಿತು. ಸಾಲಿನ ಮೊದಲಲ್ಲಿದ್ದವನಿಗೆ ನಮ್ಮ ಮಾತು ಅಷ್ಟಿಷ್ಟು ಬರುತ್ತಿತ್ತು. ಅವನನ್ನು ಮುಂದಿಟ್ಟುಕೊಂಡು ಎಲ್ಲರ ಹೆಸರು, ವಯಸ್ಸು ಬರೆದೆ. ಏಳನೇ ಕಾಲಂ, ಅದೇ, 'ಹಿಂದಿರುಗಲು ಭಯವಿದೆಯೇ' ಎನ್ನುವುದು. ಅವನು ನಕ್ಕು ಇಲ್ಲ ಎಂದ. 'ಇಲ್ಲ' ಎಂದು ಬರೆದೆ. ಕೆಳಗಿನ ಸಾಲುಗಳಿಗೆ ನಿನ್ನಂತೆಯೇ, 'ಮೇಲಿನಂತೆ'. ಇಪ್ಪತ್ತೇ ನಿಮಿಷದಲ್ಲಿ ಮುಗಿಯಿತು! ಸಾಹೇಬರು ರಿಜಿಸ್ಟರು ನೋಡಿ, "ನೂಲಿನಂತೆ ಸೀರೆ, ಅಪ್ಪನಂತೆ ಮಗಳು" ಎಂದರು. ತಿಂಗಳ ಕೊನೆಗೆ ನನ್ನ ಪ್ರೊಬೇಷನ್ ಮುಗಿಯುತ್ತದೆ, ಕಾಯಂ ಆಗುವುದು ಖಂಡಿತ ಅನ್ನಿಸುತ್ತಿದೆ.

ಮೊಣಕಾಲು ಹೇಗಿದೆ? ಅತ್ತೆಯನ್ನು ಗೋಳುಹುಯ್ದುಕೊಳ್ಳಬೇಡ.

ನಿನ್ನ ಕುರ್ಚಿಯ ಹೊಸ ಬಾಡಿಗೆದಾರಳು,
ಪಿಸುಪಿಸು


ಮಾರ್ಚ್ ೮

ಮಗಳೇ ಪಿಸುಪಿಸು,

ನಿನ್ನ ಕಾಗದ ತಲುಪಿತು. ನೀನು ಬರೆಯುವುದೇ ಸರಿ. ಫೋನಿನಲ್ಲಿ ನಿನ್ನ ದನಿ ನನ್ನ ಕಿವಿಗೆ ಸಿಕ್ಕುವುದಿಲ್ಲ. ನೀನು ಏನೋ ಹೇಳುತ್ತೀಯ, ನಾನು ಹೂಂ ಎನ್ನುತ್ತೇನೆ, ಕೊನೆಗೆ ನಾನು ಯಾವುದಕ್ಕೆ ಒಪ್ಪಿದೆ ಎಂದು ನನಗೇ ತಿಳಿದಿರುವುದಿಲ್ಲ.

ಇಲ್ಲಿನ ಸಮಾಚಾರ ಹೀಗಿದೆ. ಸೋಮವಾರ: ಉಪ್ಪಿಲ್ಲದ ಊಟ, ಅಂಗಳದಲ್ಲಿ ನಲವತ್ತು ಹೆಜ್ಜೆ, ನಿನ್ನ ಅತ್ತೆಯಿಂದ ಬೈಗುಳ. ಮಂಗಳವಾರ: ಮೇಲಿನಂತೆ. ಬುಧವಾರ: ಮೇಲಿನಂತೆ. ಗುರುವಾರದಿಂದ ಶನಿವಾರದವರೆಗೆ: ಮೇಲಿನಂತೆ. ನೋಡಿದೆಯಾ, ಒಂದು ವಾರ ಎರಡು ಸಾಲಿನಲ್ಲಿ ಮುಗಿಯಿತು. ಆಪರೇಷನ್ ಆದ ಕಾಲು ಮಡಚುತ್ತದೆ, ಆಗದ ಕಾಲು ಮಡಚುವುದಿಲ್ಲ. ಅದನ್ನೂ ಕೊಯ್ಯಬೇಕಂತೆ.

ಇಪ್ಪತ್ತು ನಿಮಿಷವೇ? ನನ್ನ ಕಾಲದಲ್ಲಿ ಹತ್ತೊಂಬತ್ತು ಜನಕ್ಕೆ ಅರ್ಧ ಗಂಟೆ ಹಿಡಿದಿತ್ತು.

ಕುರ್ಚಿಯ ಹಿಂದಿನ ಕಾಲಿಗೆ ಮಡಚಿದ ರಟ್ಟು ಕೊಡು, ಚಿವುಟುವುದು ನಿಲ್ಲುತ್ತದೆ.

ನಿನ್ನ ಅಪ್ಪ


ಮಾರ್ಚ್ ೧೫, ಭಾನುವಾರ

ಪ್ರೀತಿಯ ಅಪ್ಪ,

ರಟ್ಟು ಕೊಟ್ಟೆ. ಕುರ್ಚಿ ಸುಮ್ಮನಾಯಿತು. ಈಗ ನನಗೇ ಕೂರಲಾಗುತ್ತಿಲ್ಲ.

ಅವರನ್ನು ಇದೇ ತಿಂಗಳ ಇಪ್ಪತ್ತೇಳರ ಶುಕ್ರವಾರ, ಬೆಳಿಗ್ಗೆ ಹತ್ತಕ್ಕೆ, ಅದೇ ದೋಣಿಯಲ್ಲಿ ಹಿಂದಕ್ಕೆ ಕಳಿಸಲು ಕೇಂದ್ರ ಕಚೇರಿಯಿಂದ ಆದೇಶ ಬಂದಿದೆ. ಮುಳುಗುವ ದೋಣಿಯಲ್ಲಿ ಯಾರನ್ನೂ ಕಳಿಸುವಂತಿಲ್ಲ ಎಂಬ ಕಾನೂನು ಇರುವುದರಿಂದ ಮೆಕ್ಯಾನಿಕ್ ಗ್ರೀಸಣ್ಣ ಇಂಜಿನ್ ರಿಪೇರಿಗೆ ಕೂತಿದ್ದಾರೆ. ದೋಣಿ ಗಟ್ಟಿಯಾಗಿದೆ ಎಂದು ಅವರು ಸಹಿ ಹಾಕಿದರೆ ಸರಿ.

ಶುಕ್ರವಾರ ಹೊದಿಕೆಗಳ ಪಟ್ಟಿ ಹಿಡಿದು ಹಾಲ್‌ಗೆ ಹೋಗಿದ್ದೆ. ಅಲ್ಲಿ ಬಲೆಯಮ್ಮ ಕೂತು ಹರಟೆ ಹೊಡೆಯುತ್ತಿದ್ದರು. ನಿನಗೆ ಗೊತ್ತಲ್ಲ, ದೋಣಿ ನಿಲ್ಲುವ ದಕ್ಕೆಯ ಮೇಲೆ ಬಲೆ ಹೆಣೆಯುವವರು. ಅವರ ತವರು ಆಚೆ ದಡವೇ ಎಂದು ನನಗೆ ಅವತ್ತೇ ತಿಳಿದದ್ದು. ಅಲ್ಲಿ ಒಂದು ವಿಚಿತ್ರ ನೋಡಿದೆ, ಅಪ್ಪ. ಮೊದಲಿನವನೊಬ್ಬನನ್ನು ಬಿಟ್ಟು ಉಳಿದ ಇಪ್ಪತ್ತೆರಡು ಜನವೂ ನಾನು ಅಂದು ನಿಲ್ಲಿಸಿದ ಕ್ರಮದಲ್ಲೇ ಗೋಡೆಗುಂಟ ಕೂತಿದ್ದರು. ತಲೆ ಬಾಚಿಕೊಂಡು, ಅಂಗಿಯ ಗುಂಡಿ ಹಾಕಿಕೊಂಡು. ಪರೀಕ್ಷೆಗೆ ಬಂದವರ ಹಾಗೆ.

ಒಂಬತ್ತನೆಯವಳು ಒಬ್ಬ ಸೂಲಗಿತ್ತಿ. ನನ್ನನ್ನು ನೋಡಿ ಬಲೆಯಮ್ಮನ ಕಿವಿಯಲ್ಲಿ ಏನೋ ಕೇಳಿದಳು. ಬಲೆಯಮ್ಮ ನಕ್ಕು ನನ್ನ ಕಡೆ ತಿರುಗಿ, "ಆ ಮಾತಾಡದ ಹುಡುಗಿ ನಮ್ಮನ್ನ ಯಾವಾಗ ಕೇಳ್ತಾಳೆ ಅಂತಿದಾಳೆ ಕಣಮ್ಮ. ದಿನಾ ಬೆಳಿಗ್ಗೆ ಎದ್ದು ಉತ್ತರ ಬಾಯಿಪಾಠ ಮಾಡ್ಕೊಂಡು ಕಾಯ್ತಾರಂತೆ" ಎಂದರು.

ಹೊದಿಕೆ ಎಣಿಸುವುದನ್ನು ಮರೆತು ಕಚೇರಿಗೆ ಬಂದೆ. ರಿಜಿಸ್ಟರಿನ ರಟ್ಟಿನ ಒಳಬದಿಯಲ್ಲಿ ಇರುವೆಯಂಥ ಅಕ್ಷರಗಳಲ್ಲಿ ಏನೋ ಅಚ್ಚಾಗಿದೆಯಲ್ಲ, ಅದನ್ನು ಮೊದಲ ಸಲ ಓದಿದೆ. ನಮ್ಮ ನೀರಿನೊಳಗೆ ಬಂದ ಯಾರನ್ನೇ ಆಗಲಿ, ಹಿಂದಕ್ಕೆ ಕಳಿಸುವ ಮೊದಲು, ಪ್ರತಿಯೊಬ್ಬರನ್ನೂ ಬೇರೆಬೇರೆಯಾಗಿ, ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಕೇಳಬೇಕು. ಅವರಾಗಿಯೇ ಹೇಳಲಿ ಎಂದು ಕಾಯುವಂತಿಲ್ಲ. ಭಯವಿದೆ ಎಂದವರನ್ನು ವಿಚಾರಣೆ ಮುಗಿಯುವ ತನಕ ಕಳಿಸುವಂತಿಲ್ಲ.

ಮೊದಲ ಸಾಲಿನವನು ದೋಣಿಯ ಇಂಜಿನ್ ನೋಡಿಕೊಳ್ಳುವವನು. ಅವನ ಹೆಂಡತಿ, ಮನೆ ಎಲ್ಲ ಆಚೆಯೇ. ಅವನಿಗೆ ಭಯ ಯಾಕಿರಬೇಕು? ಅವನು ತನ್ನ ಉತ್ತರ ಹೇಳಿದ, ಅಷ್ಟೆ. ನಾನು ಅದನ್ನು ಉಳಿದ ಇಪ್ಪತ್ತೆರಡು ಜನರಿಗೂ ಹಂಚಿಬಿಟ್ಟೆ. ತಲೆಯೆತ್ತಲು ನಾಚಿಕೆಯಾಗಿ ಪುಟ ನೋಡುತ್ತ ಬರೆದೆ. ಅದರ ಆಧಾರದ ಮೇಲೆಯೇ ಆದೇಶ ಬಂದಿರುವುದು, ಕೆಳಗೆ ಇರುವುದು ನನ್ನ ಸಹಿ.

ಈಗ ಹೇಳಿದರೆ ಕಾಯಂ ಕಾಗದ ಗಾಳಿಗೆ ಹೋದಂತೆ. ಹೇಳದಿದ್ದರೆ ಅವರು ಹೋದಂತೆ. ಏನು ಮಾಡಲಿ? ಬೇಗ ಬರೆ.

ಪಿಸುಪಿಸು


ಮಾರ್ಚ್ ೧೮

ಮಗಳೇ,

ಕಚೇರಿಯಲ್ಲಿ ಹೊಸಬಳು ನೀನು. ಬರೆದದ್ದು ಬರೆದಾಯಿತು. ಆದೇಶ ಕೊಟ್ಟವರು ಮೇಲಿನವರು, ಹೊಣೆ ಅವರದು. ಸಾಹೇಬರಿಗೆ ಮುಜುಗರ ತರಬೇಡ. ಮುಂದಿನ ಸಲ ಎಚ್ಚರಿಕೆಯಿಂದಿದ್ದರೆ ಸಾಕು. ಎಲ್ಲ ಕಚೇರಿಗಳಲ್ಲೂ ಹೀಗೇ ನಡೆಯುತ್ತದೆ.

ಉಳಿದಂತೆ ಕ್ಷೇಮ.

ಅಪ್ಪ

ಪುಟ್ಟಿ, ನಾನು ಅತ್ತೆ. ಅಂಚೆಗೆ ಹಾಕುವ ಮೊದಲು ಒಂದು ಸಾಲು ಸೇರಿಸುತ್ತಿದ್ದೇನೆ. ಅಣ್ಣ ಈ ಕಾಗದವನ್ನು ಮೂರು ಸಲ ಬರೆದು ಹರಿದ. ನಿನ್ನೆಯಿಂದ ಉಪ್ಪಿಲ್ಲ ಎಂದು ಜಗಳ ತೆಗೆಯುತ್ತಿಲ್ಲ, ಹಾಕಿದ್ದನ್ನು ಸುಮ್ಮನೆ ಉಣ್ಣುತ್ತಾನೆ. ನನಗೆ ದಿಗಿಲಾಗಿದೆ. ನೀನೇನು ಬರೆದಿದ್ದೆ?


ಮಾರ್ಚ್ ೨೨, ಭಾನುವಾರ

ಮಗಳೇ,

ಹದಿನೆಂಟನೆಯ ತಾರೀಕಿನ ಕಾಗದ ಹರಿದು ಒಲೆಗೆ ಹಾಕು.

ಕೇಳು. ಪ್ರತಿಯೊಬ್ಬರನ್ನೂ ಕೇಳು. ಯಾಕೆ ಎಂದು ಈಗ ಕೇಳಬೇಡ, ನನಗೆ ಅದನ್ನು ಬರೆಯಲು ಸ್ವಲ್ಪ ಸಮಯ ಬೇಕು.

ಕೇಳುವ ರೀತಿ ಹೇಳುತ್ತೇನೆ. ನನಗೆ ಗೊತ್ತಿದ್ದೂ ನಾನು ಮಾಡದಿದ್ದದ್ದು. ಮಧ್ಯೆ ಮೇಜು ಇಡಬೇಡ. ಎರಡು ಕುರ್ಚಿ ಸಾಕು, ಬಲೆಯಮ್ಮನಿಗೆ ಒಂದು ಸ್ಟೂಲು. ರಿಜಿಸ್ಟರು ತೊಡೆಯ ಮೇಲೆ ಮುಚ್ಚಿರಲಿ. ಮೊದಲು ಮುಖ ನೋಡು, ಆಮೇಲೆ ಹೆಸರು ಕೇಳು, ಆಮೇಲೆ ಪ್ರಶ್ನೆ. ಅವರು ಮುಗಿಸಿದ ಮೇಲೆ ಬರೆ. ನಿನ್ನ ದನಿ ಸಣ್ಣದು ಎಂದು ಅಳುಕಬೇಡ. ಆ ಪ್ರಶ್ನೆಯನ್ನು ಕೂಗಿ ಕೇಳಬಾರದು.

ನಮ್ಮ ಮನೆಯವರಿಗೆಲ್ಲ ಮನುಷ್ಯರಿಗಿಂತ ರಿಜಿಸ್ಟರು ಸಲೀಸು. ನನ್ನಿಂದಲೇ ಬಂದ ರೋಗ ಅದು. ಔಷಧ ಮಾತ್ರ ನೀನು ಕುಡಿಯಬೇಕಾಗಿದೆ.

ಅಪ್ಪ


ಮಾರ್ಚ್ ೨೪, ಮಂಗಳವಾರ

ಪ್ರೀತಿಯ ಅಪ್ಪ,

ನಿನ್ನ ಹದಿನೆಂಟರ ಕಾಗದ ಬಂತು. ಓದಿದೆ. ಹುಟ್ಟಿದಂದಿನಿಂದ ಮೊದಲ ಸಲ ನಿನ್ನ ಮಾತು ಮೀರಿದ್ದೇನೆ. ಸಿಟ್ಟಾಗು, ಆದರೆ ಊಟ ಬಿಡಬೇಡ.

ಇವತ್ತು ಸಾಹೇಬರ ಕೋಣೆಗೆ ಹೋದೆ. ಬಾಗಿಲಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ, ಜವಾನ ನಾನು ಕ್ಯಾಲೆಂಡರ್ ನೋಡಲು ಬಂದಿದ್ದೇನೆ ಎಂದುಕೊಂಡನಂತೆ. ಕೊನೆಗೆ ಒಳಗೆ ಹೋಗಿ, ಸರ್, ನಾನು ಕೇಳಲಿಲ್ಲ ಎಂದೆ. ಅವರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. ಫ್ಯಾನಿನ ಸದ್ದು, ಜೋರಾಗಿ ಹೇಳಮ್ಮ ಎಂದರು. ಮೂರನೆಯ ಸಲ ನನ್ನೊಳಗಿಂದ ಯಾರು ಕೂಗಿದರೋ ಗೊತ್ತಿಲ್ಲ.

"ಇಪ್ಪತ್ತೆರಡು ಜನರನ್ನ ನಾನು ಕೇಳ್ಲೇ ಇಲ್ಲ ಸರ್!"

ಅಷ್ಟು ಹೊತ್ತಿಗೆ ಸರಿಯಾಗಿ ಫ್ಯಾನೂ ನಿಂತಿತ್ತು, ಕರೆಂಟು ಹೋಗಿತ್ತು. ಇಡೀ ಕಚೇರಿಗೆ ಕೇಳಿಸಿತು. ಹೊರಗೆ ದಕ್ಕೆಯಲ್ಲಿ ಗ್ರೀಸಣ್ಣನ ಕೈಯಿಂದ ಸ್ಪ್ಯಾನರ್ ಬಿತ್ತು.

ಭಯ ಇದ್ದವರು ತಾವೇ ಬಾಯಿ ಬಿಡಬೇಕು, ನಾವೇನು ಹಿಂದೆ ಬಿದ್ದು ಕೇಳಬೇಕೇ ಎಂದರು ಸಾಹೇಬರು. ನಾನು ರಟ್ಟಿನ ಒಳಬದಿ ತೋರಿಸಿದೆ. ಕೈ ದೂರ ಚಾಚಿ ಹಿಡಿದು, ಎರಡು ಸಲ ಓದಿದರು.

"ಇದು ಇಲ್ಲಿ ಯಾವಾಗಿಂದ ಇದೆ?"

"ರಿಜಿಸ್ಟರು ಅಚ್ಚಾದಾಗಿಂದ ಸರ್."

ಅವರು ಕೆಟ್ಟವರಲ್ಲ, ಅಪ್ಪ. ಅವರ ಹಣೆಯಲ್ಲಿ ಬೆವರು ಕಂಡಿತು. ಮೇಲಿನವರಿಗೆ ಹೆದರುವವರು ಅಷ್ಟೆ, ನಾನು ಕೆಳಗಿನವರಿಗೆ ಹೆದರಿದ ಹಾಗೆ. ತಪ್ಪು ಒಪ್ಪಿ ನಾನೇ ಹೇಳಿಕೆ ಬರೆದುಕೊಡಬೇಕು, ಹಾಗೆ ಕೊಟ್ಟರೆ ಕಾಯಂ ಕಾಗದಕ್ಕೆ ತಾವು ಸಹಿ ಹಾಕುವಂತಿಲ್ಲ ಎಂದರು. ಗೊತ್ತು ಎಂದೆ. ಗಡಿಯಾರ ನೋಡಿಕೊಂಡರು.

"ಶುಕ್ರವಾರ ಹತ್ತಕ್ಕೆ ದೋಣಿ. ಗುರುವಾರ ಸಾಯಂಕಾಲದೊಳಗೆ ಇಪ್ಪತ್ತೆರಡು ಉತ್ತರ ನನ್ನ ಮೇಜಿನ ಮೇಲಿದ್ರೆ ಕೇಂದ್ರ ಕಚೇರಿಗೆ ಕಳಿಸ್ತೀನಿ. ಇಲ್ಲದಿದ್ರೆ ಆದೇಶ ಆದೇಶಾನೇ."

ಹೇಳಿಕೆ ಬರೆದುಕೊಟ್ಟೆ. ನಾಲ್ಕೇ ಸಾಲು. ಬಿ.ಎ.ಯಲ್ಲಿ ನಾನು ಬರೆದ ಯಾವ ಪ್ರಬಂಧಕ್ಕೂ ಇಷ್ಟು ಕಷ್ಟಪಟ್ಟಿರಲಿಲ್ಲ.

ನಾಳೆ ಬೆಳಿಗ್ಗೆ ಶುರು.

ಪಿಸುಪಿಸು (ಇನ್ನು ಈ ಹೆಸರು ನನಗೆ ಒಪ್ಪುತ್ತದೋ ಇಲ್ಲವೋ)


ಏಪ್ರಿಲ್ ೫

ಪ್ರೀತಿಯ ಅಪ್ಪ,

ನಿನ್ನ ಇಪ್ಪತ್ತೆರಡರ ಕಾಗದ ಬುಧವಾರ ಬೆಳಿಗ್ಗೆ ಬಂತು, ಸರಿಯಾಗಿ ನಾನು ಹಾಲ್‌ಗೆ ಮೇಜು ಎಳೆಯುತ್ತಿದ್ದಾಗ. ಅಲ್ಲೇ ನಿಂತು ಓದಿ, ಮೇಜನ್ನು ಮತ್ತೆ ಹೊರಕ್ಕೆ ಎಳೆದೆ. ಬಲೆಯಮ್ಮ, "ಇದೇನಮ್ಮ, ಒಳಗೆ ತರೋದು ಹೊರಗೆ ಒಯ್ಯೋದು, ಮೇಜಿಗೂ ವಾಕಿಂಗ್ ಮಾಡಿಸ್ತಿದೀಯಾ?" ಎಂದರು. ಎಲ್ಲರೂ ನಕ್ಕರು. ಅಲ್ಲಿಂದ ಸಲೀಸಾಯಿತು.

ಎರಡನೆಯ ಸಾಲಿನವನು ದರ್ಜಿ. ಭಯವಿದೆಯೇ ಎಂದರೆ, ಇದೆ ಎಂದ. ಸೈನಿಕರ ಸಮವಸ್ತ್ರ ಹೊಲಿಯುವುದಿಲ್ಲ ಎಂದದ್ದಕ್ಕೆ ಅವನ ಅಂಗಡಿ ಸುಟ್ಟರು, ಮುಂದೆ ಅವನ ಸರದಿ ಎಂದು ಬಾಗಿಲ ಮೇಲೆ ಬರೆದು ಹೋದರು. ಅದನ್ನೆಲ್ಲ ಶಾಂತವಾಗಿ ಹೇಳಿ, ಕೊನೆಗೆ ಕಿಟಕಿ ತೋರಿಸಿ, ಆದರೆ ಈ ಪರದೆ ಹೊಲಿದವನು ಯಾರು, ಅದನ್ನು ನೋಡಿಕೊಂಡು ಮೂರು ವಾರ ಮಲಗುವುದೂ ಸಣ್ಣ ಕಷ್ಟವಲ್ಲ ಎಂದ. ಇದನ್ನೂ ಬರೆಯಲೇ ಎಂದೆ. ಬರಿ ಎಂದ. ಬರೆದಿದ್ದೇನೆ.

ಹದಿನಾಲ್ಕು, ಹದಿನೈದನೆಯವರು ಅಕ್ಕ ತಂಗಿ. ಒಬ್ಬಳನ್ನು ಕೇಳಿದರೆ ಇಬ್ಬರೂ ಉತ್ತರಿಸುತ್ತಿದ್ದರು. ಬೇರೆಬೇರೆಯಾಗಿ ಕೇಳಬೇಕೆಂದು ನಿಯಮವಿದೆ ಎಂದು ಒಬ್ಬಳನ್ನು ಹೊರಗೆ ಕೂರಿಸಿದೆ. ಅವಳು ಅಲ್ಲಿಂದಲೇ ಕೆಮ್ಮಿ ಕೆಮ್ಮಿ ತಂಗಿಯ ತಪ್ಪು ತಿದ್ದಿದಳು. ಇಪ್ಪತ್ತನೆಯ ಮುದುಕ ಭಯವೇ ಇಲ್ಲ ಎಂದ. ಬಲೆಯಮ್ಮ ಅನುವಾದಿಸುವುದು ಮುಗಿಯುವ ಮೊದಲೇ ಸೇರಿಸಿದ: ಹೆಂಡತಿ ಇಲ್ಲಿದ್ದು ನಾನೊಬ್ಬನೇ ಹೋಗುವುದಾದರೆ ಮಾತ್ರ ಬಹಳ ಭಯ, ನನಗೆ ಒಲೆ ಹಚ್ಚಲು ಬರುವುದಿಲ್ಲ.

ಸೂಲಗಿತ್ತಿ ಹೇಳಿದ್ದನ್ನು ಕಾಗದದಲ್ಲಿ ಬರೆಯಲಾರೆ. ಅವಳದು ಎರಡೂವರೆ ಪುಟ. ಅವಳು ಹೇಳುವಾಗ ಸಾಹೇಬರು ಬಾಗಿಲಲ್ಲಿ ನಿಂತಿದ್ದರು, ಬೇಗ ಮುಗಿಸು ಎನ್ನಲು ಬಂದವರು. ಆಮೇಲೆ ನೋಡಿದರೆ ನೀರಿನ ಹೂಜಿ ಹಿಡಿದು ಲೋಟ ತುಂಬಿಸುತ್ತಿದ್ದರು. ಅಷ್ಟು ಹೊತ್ತಿನಲ್ಲಿ ಒಮ್ಮೆಯೂ ಗಡಿಯಾರ ನೋಡಲಿಲ್ಲ.

ಗುರುವಾರ ಸಾಯಂಕಾಲ ಇಪ್ಪತ್ತೆರಡೂ ಮುಗಿದವು. ಶುಕ್ರವಾರ ಬೆಳಿಗ್ಗೆ ಇಂಜಿನ್ ಶುರುವಾಗಿ ದಡದಡ ಎನ್ನುತ್ತಿತ್ತು. ಗ್ರೀಸಣ್ಣ ಸಹಿ ಹಾಕದೆ, ಇನ್ನೊಂದು ನಟ್ಟು ನೋಡಬೇಕು ಎಂದು ಅದೇ ನಟ್ಟನ್ನು ಐದು ಸಲ ಬಿಗಿ ಮಾಡಿದರು. ಹತ್ತಕ್ಕೆ ಇಪ್ಪತ್ತು ನಿಮಿಷವಿದ್ದಾಗ ಕೇಂದ್ರ ಕಚೇರಿಯ ಫೋನು ಬಂತು. ಆದೇಶ ತಡೆಹಿಡಿಯಲಾಗಿದೆ, ಒಬ್ಬೊಬ್ಬರದೂ ವಿಚಾರಣೆಯಾಗಬೇಕು. ಸಾಹೇಬರು ಫೋನಿಟ್ಟು, ಎಲ್ಲರಿಗೂ ಟೀ ಹೇಳಿ ಎಂದರು.

ಇಂಜಿನ್‌ನವನು ಮಾತ್ರ ಹೊರಟ, ತನ್ನ ಇಷ್ಟದಿಂದ. ಅವನನ್ನೂ ಇನ್ನೊಮ್ಮೆ ಕೇಳಿದೆ. ಅವನ ಉತ್ತರ ಬದಲಾಗಿರಲಿಲ್ಲ.

ನಾನು ಕಾಯಂ ಆಗಲಿಲ್ಲ. ಪ್ರೊಬೇಷನ್ ಇನ್ನೂ ಆರು ತಿಂಗಳು. ಕುರ್ಚಿಗೆ ಹೊಸ ರಟ್ಟು ಹುಡುಕಬೇಕು.

ಯಾಕೆ ಎಂದು ಆಮೇಲೆ ಬರೆಯುತ್ತೇನೆ ಎಂದಿದ್ದೆ ನೀನು.

ನಿನ್ನ ಮಗಳು


ಜೂನ್ ೧೦

ಅಪ್ಪ,

ಎರಡು ತಿಂಗಳಿಂದ ನಿನ್ನ ಅಕ್ಷರವಿಲ್ಲ. ಎರಡನೆಯ ಮೊಣಕಾಲೂ ಚೆನ್ನಾಗಿದೆ, ಅಣ್ಣ ಬರೆಯುತ್ತಾನೆ, ಹರಿಯುತ್ತಾನೆ ಎಂದು ಅತ್ತೆಯ ಕಾಗದ ಬಂತು. ಆದ್ದರಿಂದ ಒತ್ತಾಯ ಮಾಡುವುದಿಲ್ಲ. ಸುದ್ದಿ ಮಾತ್ರ ಹೇಳುತ್ತೇನೆ.

ಹನ್ನೊಂದು ಜನರ ವಿಚಾರಣೆ ಮುಗಿದಿದೆ. ಒಂಬತ್ತು ಜನ ಇರಬಹುದು ಎಂದಾಗಿದೆ, ಸೂಲಗಿತ್ತಿ ಅವರಲ್ಲಿ ಮೊದಲಿನವಳು. ಇಬ್ಬರಿಗೆ ಇಲ್ಲ ಎಂದಾಗಿದೆ, ಅವರು ಮೇಲ್ಮನವಿ ಹಾಕಿದ್ದಾರೆ. ಅದು ಮುಗಿಯುವ ತನಕ ಯಾರೂ ಅವರನ್ನು ಮುಟ್ಟುವಂತಿಲ್ಲ. ದರ್ಜಿಯ ಸರದಿ ಮುಂದಿನ ವಾರ. ಅವನಿಗೆ ಅಮ್ಮನ ಹೊಲಿಗೆ ಯಂತ್ರ ಕೊಟ್ಟಿದ್ದೇನೆ. ನಿನ್ನನ್ನು ಕೇಳದೆ ಕೊಟ್ಟೆ, ಬೈಯಬೇಡ. ಅಮ್ಮ ಹೋದಾಗಿನಿಂದ ಅದರ ಮೇಲೆ ಬರೀ ಪೇಪರು ಪೇರಿಸುತ್ತಿದ್ದೆವು. ಹಾಲ್‌ಗೆ ಹೊಸ ಪರದೆ ಬಂದಿದೆ. ಈಗ ಸಾಹೇಬರು ತಮ್ಮ ಕೋಣೆಗೂ ಒಂದು ಬೇಕು ಎನ್ನುತ್ತಿದ್ದಾರೆ.

ನಿನ್ನ ಮಗಳು


ಜೂನ್ ೨೧, ಭಾನುವಾರ

ಮಗಳೇ,

ಯಂತ್ರ ಕೊಟ್ಟದ್ದು ಒಳ್ಳೆಯದಾಯಿತು. ಅದರ ದಾರ ಎಡಗಡೆಯಿಂದ ಪೋಣಿಸಬೇಕು ಎಂದು ಅವನಿಗೆ ಹೇಳು. ನಿನ್ನ ಅಮ್ಮ ಯಾರಿಗೂ ಹೇಳಿಕೊಡುತ್ತಿರಲಿಲ್ಲ.

ಕಚೇರಿಯ ಹಿಂದಿನ ಕೋಣೆಯ ಬೀರುವಿನಲ್ಲಿ, ತೀರಾ ಕೆಳಗಿನ ಹಲಗೆಯ ಮೇಲೆ, ನೀಲಿ ಬಟ್ಟೆ ಕಟ್ಟಿದ ಒಂದು ರಿಜಿಸ್ಟರು ಇದೆ. ನೀನು ಹುಟ್ಟಿದ ವರ್ಷದ್ದು. ಅದರ ನಲವತ್ತೊಂದನೆಯ ಪುಟ ತೆಗೆ. ಹತ್ತೊಂಬತ್ತು ಸಾಲುಗಳಿವೆ. ಏಳನೇ ಕಾಲಂನ ಮೊದಲ ಸಾಲಿನಲ್ಲಿ 'ಇಲ್ಲ' ಎಂದಿದೆ. ಉಳಿದದ್ದನ್ನು ನಾನು ಬರೆಯಬೇಕಿಲ್ಲ. ಅವರ ದೋಣಿ ಮಾರನೆಯ ದಿನವೇ ಹೊರಟಿತು. ಅದು ಎಲ್ಲಿಗೆ ತಲುಪಿತು ಎಂದು ನನಗೆ ಗೊತ್ತಿಲ್ಲ. ಯಾರೂ ನನ್ನನ್ನು ಕೇಳಲಿಲ್ಲ, ನಾನೂ ಯಾರನ್ನೂ ಕೇಳಲಿಲ್ಲ. ಆ ಹತ್ತೊಂಬತ್ತು ಜನರಲ್ಲಿ ಒಬ್ಬನ ಮುಖ ಇವತ್ತಿಗೂ ನೆನಪಿದೆ, ಮೊದಲಿನವನದು. ಉಳಿದವರನ್ನು ನಾನು ನೋಡಿರಲೇ ಇಲ್ಲ, ನೆನಪಾಗುವುದಾದರೂ ಹೇಗೆ.

ಇದರೊಂದಿಗೆ ಒಂದು ಹಾಳೆ ಇಟ್ಟಿದ್ದೇನೆ. ಎರಡು ತಿಂಗಳು ಹಿಡಿದದ್ದು ಅದಕ್ಕೇ. ನಿನ್ನದು ನಾಲ್ಕು ಸಾಲು, ನನ್ನದು ಒಂದೇ: 'ಈ ಪುಟದ ಹದಿನೆಂಟು ಜನರನ್ನು ನಾನು ಕೇಳಲಿಲ್ಲ.' ಕೆಳಗೆ ಸಹಿ, ತಾರೀಕು. ಸಾಹೇಬರಿಗೆ ತೋರಿಸಿ, ಆ ಪುಟಕ್ಕೆ ಅಂಟಿಸು. ಅವರು ಗಡಿಯಾರ ನೋಡಿಕೊಂಡರೆ, ಇಪ್ಪತ್ತಮೂರು ವರ್ಷ ತಡವಾಗಿದೆ ಎಂದು ನನಗೂ ಗೊತ್ತು ಎಂದು ಹೇಳು.

ಇನ್ನು ಇಲ್ಲಿಯ ಸಮಾಚಾರ.

ಸೋಮವಾರ: ಮಳೆ ಬರುತ್ತದೆ ಎಂದು ನಿನ್ನ ಅತ್ತೆ ಬಟ್ಟೆ ಒಳಗೆ ತಂದಳು. ಬರಲಿಲ್ಲ. ಮೋಡವನ್ನು ಬೈದಳು, ನನಗೆ ಬಿಡುವು ಸಿಕ್ಕಿತು.

ಮಂಗಳವಾರ: ಅಂಗಳದಲ್ಲಿ ನೂರಾ ಹತ್ತು ಹೆಜ್ಜೆ. ನೂರಾ ಹನ್ನೊಂದನೆಯದಕ್ಕೆ ಪಕ್ಕದ ಮನೆಯ ಬೆಕ್ಕು ಅಡ್ಡ ಮಲಗಿತ್ತು.

ಬುಧವಾರ: ಊಟದಲ್ಲಿ ಉಪ್ಪು ಇತ್ತು. ನಿನ್ನ ಅತ್ತೆ ಒಪ್ಪಿಕೊಳ್ಳುತ್ತಿಲ್ಲ, ಆದರೆ ಇತ್ತು.

ಗುರುವಾರ: ಈ ಹಾಳೆ ಬರೆದು ಮುಗಿಸಿದೆ. ಹರಿಯಲಿಲ್ಲ.

ಶುಕ್ರವಾರ: ಊಟವಾದ ಮೇಲೆ ಮಲಗಿದವನು ಸಂಜೆ ದೀಪ ಹಚ್ಚುವ ತನಕ ಏಳಲಿಲ್ಲ. ಇಂಥ ನಿದ್ದೆ ಬಂದು ಎಷ್ಟು ವರ್ಷವಾಗಿತ್ತೋ.

ಶನಿವಾರ: ಮೊಣಕಾಲು ಹೇಗಿದೆ ಎಂದು ನಿನ್ನ ಅತ್ತೆ ಕೇಳಿದಳು. ಮೂವತ್ತು ವರ್ಷದ ಅಭ್ಯಾಸ, ನಿನ್ನೆಯಂತೆ ಎನ್ನಲು ಬಾಯಿ ತೆರೆದೆ. ಆಮೇಲೆ ಕಾಲು ಮಡಚಿ, ಚಾಚಿ, ಸರಿಯಾಗಿ ನೋಡಿಕೊಂಡು ಹೇಳಿದೆ. ನಿನ್ನೆಗಿಂತ ವಾಸಿ.

ನಿನ್ನ ಅಪ್ಪ